ಕ್ಲಚ್ಚು, ಬ್ರೇಕು ಮತ್ತು ನಮ್ಮ ಮೆಟ್ಟು: ಕಾರು ಓಡಿಸಲು ತಕ್ಕ ಪಾದರಕ್ಷೆ ಆರಿಸುವ ಬಗೆ

ಒಂದು ಅಕ್ಟೋಬರ್ ಸಂಜೆ, ಬೆಂಗಳೂರಿನ ಮಿನರ್ವ ಸರ್ಕಲ್ ಹತ್ತಿರ. ಮಳೆ ಆಗಷ್ಟೇ ನಿಂತಿತ್ತು. ಅತ್ತೆಯವರ ಮಾತ್ರೆ ತರಲೆಂದು ಅವಸರದಲ್ಲಿ ಹೊರಟವಳು ಬಾಗಿಲ ಬಳಿ ಕಂಡ ಹವಾಯಿ ಚಪ್ಪಲಿಯನ್ನೇ ಮೆಟ್ಟಿಕೊಂಡು ಕಾರು ತೆಗೆದಿದ್ದೆ. ಮುಂದಿದ್ದ ಆಟೋ ತಟ್ಟನೆ ನಿಂತಿತು. ಆಕ್ಸಿಲರೇಟರ್‌ನಿಂದ ಕಾಲೆತ್ತಿ ಬ್ರೇಕ್ ಕಡೆ ಸರಿಸಿದೆ. ಪಾದ ಬಂತು, ಚಪ್ಪಲಿ ಬರಲಿಲ್ಲ. ಅದರ ಮೂತಿ ಬ್ರೇಕ್ ಪೆಡಲ್‌ನ ಕೆಳಗೆ ಹೊಕ್ಕು ಕೂತಿತ್ತು, ಉಂಗುಟದ ಬಾರು ಬೆರಳ ಸಂದಿಯನ್ನು ಹಿಡಿದು ಎಳೆಯುತ್ತಿತ್ತು. ಹೇಗೋ ಕಾಲು ಕಿತ್ತುಕೊಂಡು ಬರಿಗಾಲಿನಲ್ಲೇ ಬ್ರೇಕ್ ತುಳಿದೆ. ಆಟೋದ ಹಿಂಬದಿಯಲ್ಲಿ ಬರೆದಿದ್ದ ಸಣ್ಣ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದಬಹುದಾದಷ್ಟು ಹತ್ತಿರದಲ್ಲಿ ಕಾರು ನಿಂತಿತು. ಚಾಲಕರು ತಿರುಗಿ ನೋಡಿ, "ಏನಮ್ಮಾ, ನಿದ್ದೆಯಾ?" ಎಂದರು. ಚಪ್ಪಲಿಯ ಕಥೆಯನ್ನು ಅವರಿಗೆ ಹೇಳಲು ನಾಚಿಕೆಯಾಯಿತು.

ಕಾರು ಕೊಳ್ಳುವಾಗ ನಾವು ಮೈಲೇಜ್ ಕೇಳುತ್ತೇವೆ, ಏರ್‌ಬ್ಯಾಗ್ ಎಣಿಸುತ್ತೇವೆ. ಆದರೆ ಆ ಒಂದು ಟನ್ ಲೋಹವನ್ನು ನಿಲ್ಲಿಸುವ ಕೆಲಸ ಕೊನೆಗೆ ಬೀಳುವುದು ಬಲಗಾಲಿನ ಅಂಗಾಲಿನ ಮೇಲೆ. ಅಂಗಾಲಿಗೂ ಪೆಡಲ್‌ಗೂ ನಡುವೆ ಏನಿದೆ ಎಂದು ಕೇಳುವವರೇ ಇಲ್ಲ. ಆ ಸಂಜೆಯ ನಂತರ ನಾನು ಕೇಳಿಕೊಳ್ಳತೊಡಗಿದೆ. ಮೂರು ಜೋಡಿಗೆ ದುಡ್ಡು ಕಳೆದುಕೊಂಡು, ನಾಲ್ಕನೆಯದರಲ್ಲಿ ಗೆದ್ದೆ. ಮುಂದಿರುವುದು ಆ ಕಲಿಕೆಯ ಕ್ರಮ.

ಮೊದಲು, ಕಾಲು ಏನು ಮಾಡುತ್ತದೆ ಎಂದು ನೋಡಿ

ಬಲಗಾಲಿಗೆ ಎರಡು ಪೆಡಲ್‌ಗಳ ಜವಾಬ್ದಾರಿ. ಸರಿಯಾಗಿ ಕಲಿತವರು ಹಿಮ್ಮಡಿಯನ್ನು ಬ್ರೇಕ್‌ನ ನೇರಕ್ಕೆ ನೆಲದ ಮೇಲೆ ಊರಿ, ಪಾದದ ಮುಂಭಾಗವನ್ನಷ್ಟೇ ಬಲಕ್ಕೆ ಹೊರಳಿಸಿ ಆಕ್ಸಿಲರೇಟರ್ ಒತ್ತುತ್ತಾರೆ. ಬಾಗಿಲಿಗೆ ಕೀಲು ಹೇಗೋ ಕಾಲಿಗೆ ಹಿಮ್ಮಡಿ ಹಾಗೆ. ಜೋರಾಗಿ ಬ್ರೇಕ್ ಹಾಕಬೇಕಾದಾಗ ಮಾತ್ರ ಹಿಮ್ಮಡಿ ಎದ್ದು ಇಡೀ ಕಾಲಿನ ಬಲ ಪೆಡಲ್ ಮೇಲೆ ಬೀಳುತ್ತದೆ. ಒತ್ತುವುದು ಬೆರಳ ತುದಿಯಿಂದಲ್ಲ, ಹೆಬ್ಬೆರಳ ಬುಡದಲ್ಲಿರುವ ಅಗಲವಾದ ಉಬ್ಬಿನಿಂದ. ಎಡಗಾಲಿನದು ಕ್ಲಚ್. ಅದಕ್ಕೆ ಇಡೀ ಕಾಲು ಎತ್ತಿ ಇಳಿಸಬೇಕು.

ಬೆಂಗಳೂರಿನಲ್ಲಿ ಆ ಎಡಗಾಲು ಪಡುವ ಪಾಡು ಹೇಳತೀರದು. ಒಮ್ಮೆ ಮಾರತಹಳ್ಳಿಯಿಂದ ಸಿಲ್ಕ್ ಬೋರ್ಡ್ ತನಕ ಕ್ಲಚ್ ಎಷ್ಟು ಬಾರಿ ತುಳಿಯುತ್ತೇನೆ ಎಂದು ಎಣಿಸಲು ಹೊರಟೆ. ಇನ್ನೂರು ದಾಟಿದ ಮೇಲೆ ಬಿಟ್ಟುಬಿಟ್ಟೆ, ಇಬ್ಬಲೂರು ಇನ್ನೂ ಬಂದಿರಲಿಲ್ಲ. ಹೀಗಾಗಿ ಇಲ್ಲಿ ಪಾದರಕ್ಷೆ ಹಗುರವಾಗಿರಬೇಕು ಎಂಬುದು ಸೊಗಸಿನ ಮಾತಲ್ಲ. ಕಾಲಿಗೆ ಕಟ್ಟಿಕೊಂಡ ನೂರು ಗ್ರಾಂ ಹೆಚ್ಚಿನ ತೂಕವನ್ನೂ ದಿನಕ್ಕೆ ನಾಲ್ಕೈದು ನೂರು ಸಲ ಎತ್ತಿ ಇಳಿಸಬೇಕು.

ಇನ್ನೊಂದು ಲೆಕ್ಕ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಚಪ್ಪಲಿ ಸಿಕ್ಕಿಕೊಂಡು ಅರ್ಧ ಸೆಕೆಂಡ್ ತಡವಾದರೆ ಐದೂವರೆ ಮೀಟರ್ ಹೋಯಿತು, ಅಂದರೆ ಒಂದೂವರೆ ಆಲ್ಟೋ ಕಾರಿನಷ್ಟು ಉದ್ದ. ವಿಮಾನ ನಿಲ್ದಾಣದ ರಸ್ತೆಯಲ್ಲಿ 80ರಲ್ಲಿದ್ದರೆ ಅದರ ಎರಡರಷ್ಟು.

ಕಾನೂನಿನ ಮಾತು ಬಂದೇ ಬರುತ್ತದೆ, ಬೇಗ ಮುಗಿಸುತ್ತೇನೆ. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ 2019ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಾಗ, ಚಪ್ಪಲಿ ಹಾಕಿಕೊಂಡು ಓಡಿಸಿದರೆ ದಂಡ ಎಂಬ ಸುದ್ದಿ ವಾಟ್ಸ್‌ಆ್ಯಪ್ ತುಂಬ ಹರಿದಾಡಿತು. ಅಂಥ ದಂಡವೇನೂ ಇಲ್ಲ ಎಂದು ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿಯೇ ಆಗ ಸ್ಪಷ್ಟಪಡಿಸಬೇಕಾಯಿತು. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 97ನೇ ನಿಯಮ ಮಾತ್ರ, ಚಾಲಕರ ಬಟ್ಟೆಯಾಗಲಿ ಪಾದರಕ್ಷೆಯಾಗಲಿ ವಾಹನದ ನಿಯಂತ್ರಣಕ್ಕೆ ಅಡ್ಡಿಯಾಗಬಾರದು ಎಂದು ಹೇಳುತ್ತದೆ. ದಂಡವಿಲ್ಲ ಎಂದ ಮಾತ್ರಕ್ಕೆ ಬ್ರೇಕ್ ಬೀಳುತ್ತದೆ ಎಂದೇನಲ್ಲ.

ಹೆಜ್ಜೆ 1: ಮನೆಯ ಚಪ್ಪಲಿ ಗೂಡನ್ನು ಜಾಲಾಡಿ

ಹೊಸದು ಕೊಳ್ಳುವ ಮೊದಲು ಇರುವುದನ್ನೆಲ್ಲ ಹೊರಗೆ ಹರವಿ. ತಳ್ಳಿಹಾಕಬೇಕಾದವು ಯಾವುವು ಎಂಬುದು ಮೊದಲು ಗೊತ್ತಾಗಲಿ.

ಹಿಂಭಾಗ ತೆರೆದಿರುವ ಎಲ್ಲವೂ ಹೊರಕ್ಕೆ: ಹವಾಯಿ ಚಪ್ಪಲಿ, ಮನೆಯೊಳಗಿನ ಸ್ಲಿಪ್ಪರ್, ಕೊಲ್ಹಾಪುರಿ. ಅಥಣಿ ಕಡೆಯ ಕುಶಲಕರ್ಮಿಗಳು ಕೈಯಲ್ಲೇ ಹೊಲಿದ ಚರ್ಮದ ಚಪ್ಪಲಿಯ ಮೇಲೆ ನನಗೆ ತುಂಬ ಮೋಹ, ನನ್ನ ಬಳಿ ಎರಡು ಜೋಡಿ ಇವೆ. ಆದರೆ ಅದರ ಚರ್ಮದ ಅಟ್ಟೆ ಗಡಸು. ನೀರು ತಾಗಿದರೆ ಪೆಡಲ್ ಮೇಲೆ ಸಾಬೂನಿನಂತೆ ಜಾರುತ್ತದೆ. ಕಾರಿನಿಂದ ಇಳಿದ ಮೇಲೆ ಮೆಟ್ಟಿಕೊಳ್ಳಲಿ. ಸಡಿಲವಾದ ರಬ್ಬರ್ ಕ್ಲಾಗ್‌ಗಳದ್ದೂ ಇದೇ ಹಣೆಬರಹ. ಅವುಗಳ ಹಿಮ್ಮಡಿ ಪಟ್ಟಿಯನ್ನು ಯಾರೂ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ, ಮೇಲೆ ಅಲಂಕಾರಕ್ಕೆ ಬಿಟ್ಟಿರುತ್ತಾರೆ.

ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಕೀಲು ನೆಲದಿಂದ ಎರಡು ಮೂರು ಇಂಚು ಮೇಲೇಳುತ್ತದೆ. ಪಾದ ಪೆಡಲ್ ಅನ್ನು ಸಂಧಿಸುವ ಕೋನವೇ ಬದಲಾಗುತ್ತದೆ. ಮೊನಚು ತುದಿ ಮ್ಯಾಟ್‌ನ ತೂತಿಗೋ ನಾರಿಗೋ ಸಿಕ್ಕಿಕೊಳ್ಳುವುದು ಬೇರೆ. ಮದುವೆಗೆ ರೇಷ್ಮೆ ಸೀರೆಯುಟ್ಟು ಹೊರಡುವಾಗ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಹಿಮ್ಮಡಿಯ ಎತ್ತರಕ್ಕೆ ಸರಿಯಾಗಿ ಉಟ್ಟ ಸೀರೆ, ಚಪ್ಪಲಿ ಕಳಚಿದ ಕೂಡಲೇ ಪಾದದ ಕೆಳಗೆ ಬಂದು ಬೀಳುತ್ತದೆ. ನೆರಿಗೆಯನ್ನು ಒಂದು ಗೇಣು ಮೇಲೆತ್ತಿ ತೊಡೆಯ ಕೆಳಗೆ ಒತ್ತಿ ಕೂತುಕೊಳ್ಳಿ. ಕನ್ನಡಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ, ಕಾರಿನೊಳಗೆ ನೋಡುವವರೂ ಇಲ್ಲ.

ಟ್ರೆಕ್ಕಿಂಗ್ ಬೂಟು, ದಪ್ಪ ಅಟ್ಟೆಯ ಫ್ಯಾಷನ್ ಶೂ, ಗಮ್ ಬೂಟು ಕೂಡ ಬೇಡ. ಕಣಕಾಲು ಬಿಗಿದರೆ ಪಾದ ಹೊರಳುವುದಿಲ್ಲ. ಅಟ್ಟೆ ಅಗಲವಾದರೆ ಒಂದೇ ಒತ್ತಿಗೆ ಎರಡು ಪೆಡಲ್.

ಬರಿಗಾಲು? "ಬರಿಗಾಲಿನಲ್ಲಿ ಪೆಡಲ್ ಚೆನ್ನಾಗಿ ತಿಳಿಯುತ್ತದೆ" ಎನ್ನುವವರು ಬಹಳ ಮಂದಿ. ಮೆದುವಾಗಿ ಓಡಿಸುವಾಗ ಅದು ನಿಜವೇ. ಆದರೆ ಗಟ್ಟಿಯಾಗಿ ಬ್ರೇಕ್ ತುಳಿಯಬೇಕಾದ ಗಳಿಗೆಯಲ್ಲಿ ಬರಿ ಅಂಗಾಲು ನೋವಿಗೆ ಹಿಂಜರಿಯುತ್ತದೆ. ಬೆವರಿದರೆ, ಒದ್ದೆಯಾದರೆ ಜಾರುತ್ತದೆ. ಸಡಿಲ ಹವಾಯಿಗಿಂತ ಬರಿಗಾಲು ವಾಸಿ, ಸರಿಯಾದ ಶೂಗಿಂತ ಕೀಳು. ನನ್ನ ತೀರ್ಪು ಇಷ್ಟೇ.

ಹೆಜ್ಜೆ 2: ಪಾದವನ್ನು ಅಳೆಯಿರಿ, ಸಂಜೆ ಹೊತ್ತಿನಲ್ಲಿ

ದಿನವಿಡೀ ಕೂತು ನಿಂತು ಓಡಾಡಿದ ಮೇಲೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೆಳಗ್ಗೆ ಸರಿಹೋದ ಶೂ ಸಂಜೆಯ ಹೊರವರ್ತುಲ ರಸ್ತೆಯಲ್ಲಿ ಕಚ್ಚುತ್ತದೆ, ಕಚ್ಚಿದ ಕಾಲು ಅರಿವಿಲ್ಲದೆಯೇ ಅಡ್ಡಾದಿಡ್ಡಿ ಕೂರುತ್ತದೆ. ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆಯ ಮೇಲೆ ನಿಂತು, ಅತಿ ಉದ್ದದ ಬೆರಳಿನ ತುದಿಗೂ ಪಾದದ ಅತಿ ಅಗಲದ ಜಾಗಕ್ಕೂ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಎರಡೂ ಪಾದ ಒಂದೇ ಅಳತೆಯವು ಎಂದುಕೊಳ್ಳಬೇಡಿ. ದೊಡ್ಡ ಪಾದಕ್ಕೆ ತಕ್ಕಂತೆ ಕೊಳ್ಳಿ.

ಅಗಲವನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಭಾರತೀಯರ ಪಾದ ಸಾಮಾನ್ಯವಾಗಿ ಯುರೋಪಿನವರ ಪಾದಕ್ಕಿಂತ ಅಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದ ಉದ್ದಗಲಕ್ಕೂ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನ್ ಮಾಡಿ ಕಂಡುಕೊಂಡ ಸಂಗತಿ ಇದು. ಅದರ ಮೇಲೆಯೇ "ಭಾ" ಎಂಬ ಭಾರತೀಯ ಅಳತೆಯ ಪ್ರಸ್ತಾವವೂ ಹುಟ್ಟಿತು. ನಮ್ಮ ಅಂಗಡಿಗಳಲ್ಲಿ ಇಂದಿಗೂ ನಡೆಯುವುದು ಬ್ರಿಟಿಷ್ ನಂಬರು. ಅಗಲ ಸಾಲದೆಂದು ನಾವು ಒಂದು ನಂಬರು ದೊಡ್ಡದು ಕೊಳ್ಳುತ್ತೇವೆ. ಆಗ ಶೂ ಮೂತಿ ಬೆರಳಿಗಿಂತ ಎರಡು ಸೆಂಟಿಮೀಟರ್ ಮುಂದಕ್ಕೆ ಚಾಚಿಕೊಳ್ಳುತ್ತದೆ. ಪೆಡಲ್‌ನ ಕೆಳಗೆ ಸಿಕ್ಕಿಕೊಳ್ಳುವುದು ಆ ಖಾಲಿ ಮೂತಿಯೇ. ನಂಬರು ಹೆಚ್ಚಿಸಬೇಡಿ, ಅಗಲ ಮಾದರಿ ಕೊಡಿ ಎಂದು ಕೇಳಿ. ಬೆರಳಿನ ಮುಂದೆ ಒಂದು ಸೆಂಟಿಮೀಟರ್ ಜಾಗ ಸಾಕು.

ಹೆಜ್ಜೆ 3: ಅಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿ

ಅಂಗಡಿಯವರು ಶೂವನ್ನು ಮೇಲಿನಿಂದ ತೋರಿಸುತ್ತಾರೆ, ನೀವು ತಿರುಗಿಸಿ ನೋಡಿ. ಎಲ್ಲ ಗುಟ್ಟೂ ಕೆಳಗಿದೆ.

ದಪ್ಪ: ಹೆಬ್ಬೆರಳ ಬುಡ ಕೂರುವ ಜಾಗದಲ್ಲಿ ಅಟ್ಟೆ ಹೆಚ್ಚೆಂದರೆ 10 ಮಿಲಿಮೀಟರ್ ಇರಲಿ. ಸ್ಕೇಲ್ ಇಲ್ಲದಿದ್ದರೆ ಮಕ್ಕಳ ಪೆನ್ಸಿಲ್ ಪಕ್ಕದಲ್ಲಿ ಹಿಡಿಯಿರಿ. ಪೆನ್ಸಿಲ್ ಸುಮಾರು 7 ಮಿಲಿಮೀಟರ್, ಅದಕ್ಕಿಂತ ಕೊಂಚ ದಪ್ಪಗಿದ್ದರೆ ಅಡ್ಡಿಯಿಲ್ಲ. ತೀರಾ ತೆಳುವಾಗಿದ್ದರೂ ಕಷ್ಟ, ಕ್ಲಚ್‌ನ ಅಂಚು ಅಂಗಾಲಿಗೆ ಒತ್ತಿ ಅರ್ಧ ಗಂಟೆಯಲ್ಲಿ ನೋವು ಶುರುವಾಗುತ್ತದೆ.

ದಪ್ಪವಾದರೆ ನಷ್ಟವೇನು? ಕ್ಲಚ್ ಬಿಡುತ್ತಾ ಬಂದಂತೆ ಒಂದು ಹಂತದಲ್ಲಿ ಎಂಜಿನ್ ಸಣ್ಣಗೆ ನಡುಗಿ ಗಾಡಿ ಹಿಡಿತಕ್ಕೆ ಬರುತ್ತದೆಯಲ್ಲ, ಆ ನಡುಕ ಮೊದಲು ತಿಳಿಯುವುದು ಅಂಗಾಲಿಗೆ. ಸ್ಪಂಜಿನಂಥ ಅಟ್ಟೆಯಿದ್ದರೆ ಅದು ತಿಳಿಯುವುದಿಲ್ಲ. ಹೆಬ್ಬಾಳ ಮೇಲ್ಸೇತುವೆಯ ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲೇ ಗಾಡಿಯನ್ನು ತೂಗಾಡಿಸುತ್ತೀರಿ, ಕ್ಲಚ್ ಪ್ಲೇಟ್ ಸವೆಯುತ್ತದೆ, ಬಿಲ್ಲು ಗ್ಯಾರೇಜಿನಿಂದ ಬರುತ್ತದೆ. ಬ್ರೇಕ್‌ನದೂ ಇದೇ ಕಥೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ, ಅಂದರೆ ಗಟ್ಟಿಯಾಗಿ ತುಳಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ. ಜಾರು ರಸ್ತೆಯಲ್ಲಿ ಗಟ್ಟಿಯಾಗಿ ತುಳಿದಾಗ ಪೆಡಲ್ ಕಾಲಿನಡಿ ಗಡಗಡ ಎನ್ನುತ್ತದೆ. ಅದು ಎಬಿಎಸ್ ಕೆಲಸ ಮಾಡುತ್ತಿರುವ ಗುರುತು, ಕಾಲು ತೆಗೆಯದೆ ಒತ್ತಿ ಹಿಡಿಯಬೇಕು. ಆ ಸಂದೇಶ ಪಾದಕ್ಕೆ ಸ್ಪಷ್ಟವಾಗಿ ಮುಟ್ಟಬೇಕು.

ವಸ್ತು: ಅಪ್ಪಟ ರಬ್ಬರ್ ಅಟ್ಟೆ ಒದ್ದೆಯಲ್ಲೂ ಹಿಡಿಯುತ್ತದೆ. ಗಟ್ಟಿ ಪಿವಿಸಿ ಪ್ಲಾಸ್ಟಿಕ್ ಅಗ್ಗ, ಆದರೆ ನುಣುಪಾದ ಹಾಗೆಲ್ಲ ಜಾರುತ್ತದೆ. ಇವಿಎ ಎಂಬ ಹಗುರವಾದ ನೊರೆಯಂಥ ವಸ್ತು ನಡೆಯಲು ಸುಖ, ಪೆಡಲ್‌ಗೆ ಮಂಕು. ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್) ಅಟ್ಟೆಯ ಒಂದು ಕಳ್ಳತನ ತಿಳಿದಿರಲಿ. ತೇವಕ್ಕೆ ಅದು ಒಳಗೊಳಗೇ ಹಳಸುತ್ತದೆ. ಎರಡು ಮಳೆಗಾಲ ಕಪಾಟಿನಲ್ಲಿ ಭದ್ರವಾಗಿಟ್ಟ, ಹೊಸದರಂತೆಯೇ ಕಾಣುವ ಶೂ ಒಂದು ದಿನ ಹಾಕಿಕೊಂಡರೆ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ನನ್ನ ಭಾವನವರಿಗೆ ಇದು ಆದದ್ದು ಕಾರಿನೊಳಗೆ. ಅಟ್ಟೆಯ ಅರ್ಧ ಭಾಗ ಕ್ಲಚ್‌ಗೆ ಅಂಟಿಕೊಂಡು ನೇತಾಡುತ್ತಿತ್ತು.

ಪರೀಕ್ಷೆ ಸುಲಭ. ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳ ಬುಡದಲ್ಲಿ ಬಗ್ಗಬೇಕು, ನಡುವಿನಲ್ಲಿ ಮಡಚಬಾರದು. ಮನೆಗೆ ತಂದ ಮೇಲೆ ಒದ್ದೆ ಮಾಡಿದ ಬಚ್ಚಲ ಟೈಲ್ಸ್ ಮೇಲೆ ಕೈಯಿಂದಲೇ ಒತ್ತಿ ಉಜ್ಜಿ. ಸರ್ರನೆ ಜಾರಿದರೆ ಪೆಡಲ್ ಮೇಲೂ ಜಾರುತ್ತದೆ. ಅಟ್ಟೆಯ ಅಂಚು ಶೂ ಮೈಗಿಂತ ಹೊರಗೆ ಚಾಚಿರಬಾರದು. ಆಕ್ಸಿಲರೇಟರ್‌ನಿಂದ ಕಾಲೆತ್ತುವಾಗ ಬ್ರೇಕ್‌ನ ಬದಿಗೆ ತಗುಲಿಕೊಳ್ಳುವುದು ಆ ಅಂಚೇ.

ಹೆಜ್ಜೆ 4: ಮೇಲ್ಭಾಗ, ಹಿಂಭಾಗ, ದಾರ

ಹಿಮ್ಮಡಿಯನ್ನು ಹಿಡಿದುಕೊಳ್ಳುವುದು ಏನಾದರೂ ಇರಲೇಬೇಕು. ಪೂರ್ತಿ ಮುಚ್ಚಿದ ಶೂ ಆಗಬಹುದು, ಗಟ್ಟಿ ಹಿಂಪಟ್ಟಿಯ ಸ್ಯಾಂಡಲ್ ಆಗಬಹುದು. ಏಪ್ರಿಲ್ ಬಿಸಿಲಿನಲ್ಲಿ ಹತ್ತು ಹನ್ನೆರಡು ಗಂಟೆ ಓಡಿಸುವ ಕ್ಯಾಬ್ ಚಾಲಕರಿಗೆ ದಿನವಿಡೀ ಶೂ ಹಾಕಿ ಎಂದು ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ವೆಲ್ಕ್ರೋ ಹಿಂಪಟ್ಟಿ, ತೆಳು ರಬ್ಬರ್ ಅಟ್ಟೆ ಇರುವ ಸ್ಯಾಂಡಲ್ ಅವರಿಗೆ ಒಳ್ಳೆಯ ರಾಜಿ. ಪಟ್ಟಿಯನ್ನು ಹಿಮ್ಮಡಿಯ ಕೆಳಗೆ ತುಳಿದುಕೊಂಡು ಓಡಿಸುವುದಾದರೆ ಮಾತ್ರ ಆ ಖರ್ಚು ವ್ಯರ್ಥ.

ಲೇಸ್ ಇದ್ದರೆ ಗಂಟಿನ ಕುಣಿಕೆ ಚಿಕ್ಕದಿರಲಿ, ತುದಿಗಳನ್ನು ಒಳಗೆ ಸಿಕ್ಕಿಸಿ. ಉದ್ದ ಕುಣಿಕೆ ಪೆಡಲ್‌ನ ಕಂಬಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ವಿಶೇಷವಾಗಿ ಕಾರು ಓಡಿಸಲೆಂದೇ ಮಾಡಿದ ಶೂಗಳು. 1963ರಲ್ಲಿ ಇಟಲಿಯಲ್ಲಿ ಶುರುವಾದ ಕಾರ್ ಶೂ ಎಂಬ ಸಂಸ್ಥೆ, ಅಟ್ಟೆಯ ಬದಲು ರಬ್ಬರ್ ಗುಂಡಿಗಳನ್ನು ಕೂರಿಸಿದ ಮೆದು ಚರ್ಮದ, ಲೇಸಿಲ್ಲದ ಮೊಕ್ಯಾಸಿನ್‌ಗಳಿಗೆ ಹೆಸರಾಯಿತು. ಆ ಗುಂಡಿಗಳು ಹಿಮ್ಮಡಿಯ ಹಿಂಭಾಗಕ್ಕೂ ಹತ್ತಿರುತ್ತವೆ, ಕೀಲಿನಂತೆ ಊರಲೆಂದು. ಚತುರ ವಿನ್ಯಾಸ. ಅದೇ ಮಾದರಿಯವು ಈಗ ಕಮರ್ಷಿಯಲ್ ಸ್ಟ್ರೀಟ್‌ನಲ್ಲೂ ರಾಶಿ ಬಿದ್ದಿವೆ. ನಾನು ಕಳೆದುಕೊಂಡ ಮೂರು ಜೋಡಿಯಲ್ಲಿ ಒಂದು ಅದೇ. ಕಾರಿನೊಳಗೆ ಸ್ವರ್ಗ. ಆದರೆ ಪಾರ್ಕಿಂಗ್ ಸಿಗುವುದು ಕಚೇರಿಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ, ಮಧ್ಯೆ ನಮ್ಮ ಪಾದಚಾರಿ ಮಾರ್ಗದ ಮುರಿದ ಕಲ್ಲು, ಜಲ್ಲಿ, ನಿಂತ ನೀರು. ನಾಲ್ಕು ತಿಂಗಳಲ್ಲಿ ಗುಂಡಿಗಳು ಸವೆದವು, ಸಂದಿಯಿಂದ ನೀರು ಒಳಬಂತು. ಕಾರಿನಲ್ಲೇ ಬಿಟ್ಟು ಇಳಿಯುವ ಶಿಸ್ತು ಇದ್ದವರು ಕೊಳ್ಳಲಿ.

ಕೊನೆಗೆ ನಾನು ಗೆದ್ದದ್ದು ಯಾವುದರಲ್ಲಿ ಗೊತ್ತೇ? ಶಾಲೆಯಲ್ಲಿ ಪಿ.ಟಿ. ದಿನ ಹಾಕುತ್ತಿದ್ದ ಕ್ಯಾನ್ವಾಸ್ ಶೂ. ತೆಳುವಾದ ಚಪ್ಪಟೆ ರಬ್ಬರ್ ಅಟ್ಟೆ, ಲೇಸು, ಹಗುರ ಮೈ, ಬೇಕಾದ್ದೆಲ್ಲ ಅದರಲ್ಲಿದೆ. ಬಿಳಿಯ ಬದಲು ಕಪ್ಪು ಕೊಂಡರೆ ಸೀಮೆಸುಣ್ಣ ಬಳಿಯುವ ಕೆಲಸವೂ ಇಲ್ಲ. ಒಂದೇ ಕೊರತೆ, ನೆನೆದರೆ ಒಣಗಲು ಒಂದು ದಿನ ಬೇಕು.

ಹೆಜ್ಜೆ 5: ಕನ್ನಡಿಯ ಮುಂದಲ್ಲ, ಸೀಟಿನಲ್ಲಿ ಕೂತು ನೋಡಿ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರಿ ಓದು. ಅಕ್ಕನ ಮಗಳಿಗೆ ಲೈಸೆನ್ಸ್ ಬಂದ ಹೊಸತರಲ್ಲಿ ಗಾಂಧಿ ಬಜಾರ್‌ನ ಒಂದು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅವಳ ಕಣ್ಣು ಬಿದ್ದದ್ದು ಎರಡು ಇಂಚು ಅಟ್ಟೆಯ ಬಿಳಿ ಶೂ ಮೇಲೆ.

"ಕಾರಿನಲ್ಲಿ ಕೂತು ನೋಡಿ ಬರುತ್ತೇವೆ" ಎಂದೆ.

ಅಂಗಡಿಯ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೇಡಂ, ಶೂ ಹಾಕಿಕೊಂಡು ಕಾರು ಹತ್ತಿದರೆ ನಾನು ಎಲ್ಲಿ ಹುಡುಕಲಿ?"

ಪರ್ಸನ್ನು ಅವರ ಮೇಜಿನ ಮೇಲೆ ಇಟ್ಟೆ. ಆದರೂ ಒಬ್ಬ ಹುಡುಗನನ್ನು ಜೊತೆಗೆ ಕಳಿಸಿದರು. ಮ್ಯಾಟ್ ಒರೆಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಅವಳನ್ನು ಕೂರಿಸಿದೆ. ಎರಡೇ ನಿಮಿಷಕ್ಕೆ, "ಚಿಕ್ಕಮ್ಮಾ, ದಿಂಬಿನ ಮೇಲೆ ಕಾಲಿಟ್ಟ ಹಾಗಿದೆ, ಬ್ರೇಕ್ ಎಲ್ಲಿದೆ ಎಂದೇ ತಿಳಿಯುತ್ತಿಲ್ಲ" ಎಂದಳು. ಕಾವಲಿಗೆ ಬಂದ ಹುಡುಗ ತೆರೆದ ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ಪೆಡಲ್‌ಗಳನ್ನೇ ನೋಡುತ್ತಿದ್ದ. "ಅಕ್ಕಾ, ನಿಮ್ಮ ಶೂ ಅಂಚು ಪ್ರತಿ ಸಲ ಬ್ರೇಕ್‌ಗೆ ತಾಗುತ್ತಿದೆ" ಎಂದ. ಒಳಗೆ ಓಡಿಹೋಗಿ ತಾನೇ ತೆಳು ಅಟ್ಟೆಯ ಇನ್ನೊಂದು ಜೋಡಿ ಹುಡುಕಿ ತಂದ. ಅದೇ ಸರಿಹೋಯಿತು.

ನೀವು ಮಾಡಬೇಕಾದ್ದು ಹೀಗೆ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ, ಎಂಜಿನ್ ಆರಿರಲಿ. ಮೊದಲು ಸೀಟು ಸರಿಮಾಡಿಕೊಳ್ಳಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಅಟ್ಟೆಯ ದಪ್ಪ ಬದಲಾದರೆ ಈ ದೂರವೂ ಬದಲಾಗುತ್ತದೆ. ಬಳಿಕ ಹಿಮ್ಮಡಿ ಊರಿ, ಕೆಳಗೆ ನೋಡದೆ, ಆಕ್ಸಿಲರೇಟರ್‌ನಿಂದ ಬ್ರೇಕ್‌ಗೆ, ಬ್ರೇಕ್‌ನಿಂದ ಆಕ್ಸಿಲರೇಟರ್‌ಗೆ ಇಪ್ಪತ್ತು ಸಲ ಹೊರಳಿಸಿ. ಒಂದು ಸಲ ತಗುಲಿದರೂ ಆ ಶೂ ಬೇಡ. ಆಮೇಲೆ ಹಿಮ್ಮಡಿ ಎತ್ತಿ ಬ್ರೇಕ್ ಅನ್ನು ಪೂರ್ತಿ ಬಲದಿಂದ ಒತ್ತಿ ಹಿಡಿಯಿರಿ. ಎಂಜಿನ್ ಆರಿರುವಾಗ ಎರಡು ಮೂರು ಒತ್ತಿಗೆ ಪೆಡಲ್ ಕಲ್ಲಿನಂತಾಗುತ್ತದೆ, ಗಾಬರಿ ಬೇಡ, ಒತ್ತಡ ಪರೀಕ್ಷಿಸಲು ಅದೇ ಅನುಕೂಲ. ಪಾದ ಶೂ ಒಳಗೆ ಮುಂದಕ್ಕೆ ಜಾರಿತೇ? ಅಟ್ಟೆ ಪಕ್ಕಕ್ಕೆ ತಿರುಗಿತೇ? ಕಡೆಯದಾಗಿ ಕ್ಲಚ್ ಬೇಗಬೇಗ ಹತ್ತು ಸಲ ಒತ್ತಿ ಬಿಡಿ. ಶೂ ಮೇಲ್ಭಾಗ ಡ್ಯಾಶ್‌ಬೋರ್ಡ್‌ನ ಕೆಳಗೆ ತಾಗಬಾರದು, ಹಿಮ್ಮಡಿ ಶೂನಿಂದ ಹೊರಬರಬಾರದು. ಸಾಧ್ಯವಾದರೆ ಆ ಅಂಗಡಿ ಹುಡುಗನಂತೆ ಯಾರಾದರೂ ಹೊರಗೆ ಕೂತು ನೋಡಲಿ. ನಮ್ಮ ಕಾಲು ನಮಗೆ ಕಾಣುವುದಿಲ್ಲ.

ಆನ್‌ಲೈನ್‌ನಲ್ಲಿ ತರಿಸಿದರೂ ಇದೇ ಪರೀಕ್ಷೆ. ವಾಪಸ್ ಕೊಡುವ ಗಡುವಿನೊಳಗೆ, ಹೊರಗೆ ನಡೆದು ಅಟ್ಟೆ ಕೊಳೆ ಮಾಡುವ ಮೊದಲು. ಪಾಸಾದ ಜೋಡಿಯಲ್ಲೂ ಮೊದಲ ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಸೋಮವಾರದ ಕೆ.ಆರ್. ಪುರ ತೂಗುಸೇತುವೆ ಹೊಸ ಶೂ ಕಲಿಯುವ ಜಾಗವಲ್ಲ.

ಹೆಜ್ಜೆ 6: ಮಳೆ ಮತ್ತು ಮ್ಯಾಟ್

ಬೆಂಗಳೂರಿನಲ್ಲಿ ಮಳೆ ಹೇಳಿ ಕೇಳಿ ಬರುವುದಿಲ್ಲ. ಏಪ್ರಿಲ್-ಮೇ ತಿಂಗಳ ಆಲಿಕಲ್ಲಾಗಲಿ, ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಸಂಜೆ ಜಡಿಯಾಗಲಿ, ಕಾರು ಹತ್ತುವಾಗ ಅಟ್ಟೆ ಒದ್ದೆಯೇ. ಎರಡು ಶೂಗಳನ್ನೂ ಹೊರಗೆ ಒಂದಕ್ಕೊಂದು ಬಡಿದು, ಬಾಗಿಲ ಸಂದಿಯಲ್ಲಿ ಇಟ್ಟುಕೊಂಡ ಹಳೆಯ ಪಂಚೆ ತುಂಡಿನಿಂದ ಅಟ್ಟೆ ಒರೆಸಿ ಹತ್ತಿ. ಹೊರಟ ಕೂಡಲೇ, ಹಿಂದೆ ಯಾರೂ ಇಲ್ಲದಿದ್ದಾಗ, ಬ್ರೇಕ್ ಒಂದೆರಡು ಸಲ ಮೆಲ್ಲಗೆ ಮುಟ್ಟಿ ನೋಡಿ. ಪೆಡಲ್‌ಗಳ ರಬ್ಬರ್ ಹೊದಿಕೆ ಸವೆದು ನುಣುಪಾಗಿದ್ದರೆ ಯಾವ ಶೂ ಹಾಕಿದರೂ ಅಷ್ಟೇ, ಅದನ್ನು ಮೊದಲು ಬದಲಿಸಿ.

ಮ್ಯಾಟ್ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2009ರಲ್ಲಿ ಅಮೆರಿಕದಲ್ಲಿ ಟೊಯೊಟಾ ಸಂಸ್ಥೆ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ ಚಾಲಕನ ಕಡೆಯ ಮ್ಯಾಟ್ ತೆಗೆದುಬಿಡಿ ಎಂದು ಹೇಳಬೇಕಾಯಿತು. ಮ್ಯಾಟ್ ಮುಂದಕ್ಕೆ ಸರಿದು ಆಕ್ಸಿಲರೇಟರ್ ಅನ್ನು ಹಿಡಿದುಬಿಡುವ ಅಪಾಯವಿತ್ತು. ನಮ್ಮಲ್ಲಿ ಕಾರಿನ ಜೊತೆ ಬಂದ ಮ್ಯಾಟ್ ಮೇಲೆ ರಬ್ಬರ್ ಮ್ಯಾಟ್, ಅದರ ಮೇಲೆ ನೀರು ಹೀರಲೆಂದು ದಿನಪತ್ರಿಕೆ. ಪತ್ರಿಕೆಯ ಮೇಲೆ ಊರಿದ ಹಿಮ್ಮಡಿ ಹಾಳೆಯ ಸಮೇತ ಜಾರುತ್ತದೆ. ಒಂದೇ ಮ್ಯಾಟ್ ಇರಲಿ, ಅದು ಕೊಕ್ಕೆಗೆ ಸಿಕ್ಕಿಸಿದ್ದಾಗಿರಲಿ.

ಹೆಜ್ಜೆ 7: ಕಾರಿನಲ್ಲೇ ಒಂದು ಜೋಡಿ ಇಡಿ, ಆದರೆ ಸೀಟಿನ ಕೆಳಗಲ್ಲ

ಕಾರು ಓಡಿಸಲೆಂದೇ ಒಂದು ಜೋಡಿ ಇಟ್ಟರೆ ಮದುವೆ, ಕಚೇರಿ, ದೇವಸ್ಥಾನ ಎಲ್ಲಕ್ಕೂ ಉತ್ತರ ಸಿಕ್ಕಂತೆ. ಆದರೆ ಕಳಚಿದ ಚಪ್ಪಲಿಯನ್ನು ಜನ ಎಲ್ಲಿಡುತ್ತಾರೆ? ಚಾಲಕನ ಸೀಟಿನ ಕೆಳಗೆ. ಬ್ರೇಕ್ ಹಾಕಿದಾಗ ಅದು ಮುಂದಕ್ಕೆ ಜಾರಿ ಪೆಡಲ್‌ಗಳ ಕೆಳಗೇ ಬಂದು ನಿಲ್ಲುತ್ತದೆ. ಬ್ರೇಕ್ ಬೇಕಾದ ಹೊತ್ತಿಗೆ ಸರಿಯಾಗಿ! ನೀರಿನ ಬಾಟಲಿಯೂ ಹೀಗೆಯೇ. ಬಟ್ಟೆ ಚೀಲದಲ್ಲಿ ಹಾಕಿ ಡಿಕ್ಕಿಯಲ್ಲೋ ಹಿಂದಿನ ಸೀಟಿನ ಕಾಲಿಡುವ ಜಾಗದಲ್ಲೋ ಇಡಿ.

ಕೆಲವರ ಮಾತು ಬೇರೆ

ಆಟೋಮ್ಯಾಟಿಕ್ ಗಾಡಿಯವರಿಗೆ ಎಡಗಾಲಿನ ಶೂ ಬಗ್ಗೆ ಚಿಂತೆಯಿಲ್ಲ, ಆದರೆ ಆಕ್ಸಿಲರೇಟರ್, ಬ್ರೇಕ್ ಎರಡೂ ಇಲ್ಲೂ ಬಲಗಾಲಿನದೇ. ಅಟ್ಟೆಯ ಅಂಚಿನ ಪರೀಕ್ಷೆಯನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಮಾಡಿ.

ಸಕ್ಕರೆ ಕಾಯಿಲೆ ಇರುವವರು ಎಂಸಿಆರ್ ಎಂಬ ಮೆದು ರಬ್ಬರಿನ ಪಾದರಕ್ಷೆ ಹಾಕುವುದು ಸಾಮಾನ್ಯ. ಅದರಲ್ಲೂ ಹಿಂಪಟ್ಟಿ ಇರುವುದನ್ನೇ ಕೇಳಿ. ಅಂಗಾಲು ಜೋಮು ಹಿಡಿದಂತಿದ್ದು ಪೆಡಲ್ ತಿಳಿಯದಿದ್ದರೆ ಅದು ಶೂ ಅಂಗಡಿಯಲ್ಲಿ ಪರಿಹಾರವಾಗುವ ಸಮಸ್ಯೆಯಲ್ಲ. ಓಡಿಸಬಹುದೇ ಎಂದು ವೈದ್ಯರನ್ನು ಕೇಳಬೇಕು.

ಅಯ್ಯಪ್ಪ ಮಾಲೆ ಧರಿಸಿದವರು ವ್ರತದ ದಿನಗಳಲ್ಲಿ ಪಾದರಕ್ಷೆ ಮುಟ್ಟುವುದಿಲ್ಲ. ವಾದಕ್ಕಿಳಿಯುವುದಿಲ್ಲ. ಪಾದ ಒರೆಸಲು ಒಣ ಟವೆಲ್ ಇಟ್ಟುಕೊಳ್ಳಿ, ಪೆಡಲ್‌ಗಳಿಗೆ ಹೊಸ ರಬ್ಬರ್ ಹಾಕಿಸಿ, ಶಬರಿಮಲೆಯಂಥ ದೂರದ ಘಾಟಿ ಪ್ರಯಾಣಕ್ಕೆ ಸ್ಟೀರಿಂಗನ್ನು ಬೇರೆಯವರಿಗೆ ಕೊಡಿ. ಆಯುಧ ಪೂಜೆಯ ದಿನ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವಾಗ ಎಲ್ಲರೂ ಬರಿಗಾಲೇ, ಅದೂ ತೊಳೆದ ಒದ್ದೆ ಕಾಲು. ಮನೆಮಂದಿಯೆಲ್ಲ ಕಾರಿನ ಮುಂದೆ ನಿಂತಿರುತ್ತಾರೆ. ಅವರನ್ನು ಪಕ್ಕಕ್ಕೆ ಸರಿಸಿ ಆಮೇಲೆ ಗೇರ್ ಹಾಕಿ.

ದ್ವಿಚಕ್ರದವರಿಗೆ ನಾಲ್ಕು ಮಾತು. ಬೈಕ್‌ನಲ್ಲಿ ಎಡಗಾಲಿಗೆ ಗೇರು, ಬಲಗಾಲಿಗೆ ಹಿಂದಿನ ಬ್ರೇಕು, ಸಿಗ್ನಲ್‌ನಲ್ಲಿ ನೆಲಕ್ಕೆ ಊರುವುದೂ ಇದೇ ಕಾಲುಗಳು. ಕಣಕಾಲಿನ ಮೂಳೆ ಮುಚ್ಚುವ ಶೂ ಬೇಕು, ಲೇಸ್ ಒಳಗಿರಬೇಕು. ಶೂ ಮೇಲೆ ತೊಡುವ ಪ್ಲಾಸ್ಟಿಕ್ ಮಳೆ ಹೊದಿಕೆಯ ತಳ ನುಣುಪಾಗಿದ್ದರೆ ಒದ್ದೆ ಝೀಬ್ರಾ ಪಟ್ಟಿಯ ಬಣ್ಣದ ಮೇಲೆ ಕಾಲಿಟ್ಟ ಕೂಡಲೇ ಜಾರುತ್ತದೆ, ಗಾಡಿ ಮೈಮೇಲೆ. ಸ್ಕೂಟರಿನವರು "ನಮಗೆ ಗೇರಿಲ್ಲ, ಚಪ್ಪಲಿ ಸಾಕು" ಎನ್ನುತ್ತಾರೆ. ಬಿದ್ದಾಗ ಡಾಂಬರಿನ ಮೇಲೆ ಉಜ್ಜುವ ಬೆರಳಿಗೆ ಗೇರಿನ ಲೆಕ್ಕ ಗೊತ್ತಿಲ್ಲ.

ಹೆಜ್ಜೆ 8: ಯಾವಾಗ ಬದಲಿಸಬೇಕು

ಓಡಿಸುವವರ ಶೂ ನಡೆಯುವವರ ಶೂನಂತೆ ಸವೆಯುವುದಿಲ್ಲ. ಆರು ತಿಂಗಳಿಗೊಮ್ಮೆ ಮೂರು ಜಾಗ ನೋಡಿ: ಬಲ ಶೂನ ಹಿಮ್ಮಡಿಯ ಹಿಂಬದಿ, ಹೆಬ್ಬೆರಳ ಬುಡದ ಗೆರೆಗಳು, ಅಟ್ಟೆಯ ಮುಂತುದಿ. ತುದಿ ಬಾಯಿ ಬಿಟ್ಟಿದ್ದರೆ ಆ ದಿನವೇ ಬದಲಿಸಿ ಅಥವಾ ಹೊಲಿಸಿ. ಪೆಡಲ್‌ಗೆ ಸಿಕ್ಕಿಕೊಳ್ಳಲು ಅಷ್ಟು ಬಾಯಿ ಸಾಕು. ಗೆರೆಗಳು ಅಳಿಸಿ ನುಣುಪಾಗಿದ್ದರೆ ಬಚ್ಚಲ ಟೈಲ್ಸ್ ಪರೀಕ್ಷೆ ಮತ್ತೆ ಮಾಡಿ.

ಜಯನಗರ ನಾಲ್ಕನೇ ಬ್ಲಾಕ್‌ನ ಬಳಿ ಮರದ ಕೆಳಗೆ ಕೂರುವ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ ನನ್ನ ಕಪ್ಪು ಕ್ಯಾನ್ವಾಸ್ ಜೋಡಿಯನ್ನು ಒಯ್ದಿದ್ದೆ. ಅವರು ಎರಡನ್ನೂ ತಿರುಗಿಸಿ ನೋಡಿದರು. ಎಡದ್ದು ಸಮನಾಗಿ ಸವೆದಿತ್ತು. ಬಲದ್ದರ ಹಿಮ್ಮಡಿಯ ಹಿಂದೆ, ನಡೆಯುವಾಗ ನೆಲಕ್ಕೇ ತಾಗದ ಜಾಗದಲ್ಲಿ, ಬಟ್ಟೆ ಹರಿದು ಅರ್ಧಚಂದ್ರದಂತೆ ರಬ್ಬರ್ ತೇಲಿತ್ತು.

"ಕಾರು ಓಡಿಸುತ್ತೀರಾ ತಾಯಿ?" ಎಂದರು, ತಲೆಯೆತ್ತದೆ.

ಹಳೆಯ ಟ್ಯೂಬಿನಿಂದ ಕತ್ತರಿಸಿದ ತುಂಡೊಂದನ್ನು ಅಲ್ಲಿಗೆ ಅಂಟಿಸಿ, ಸುತ್ತ ದಾರ ಹಾಕಿ ಬಿಗಿದರು. ನಲವತ್ತು ರೂಪಾಯಿ ತೆಗೆದುಕೊಂಡರು. ಎಡದ ಶೂವನ್ನು ಹಾಗೆಯೇ ವಾಪಸ್ ಕೊಟ್ಟು, "ಇದಕ್ಕೆ ಏನೂ ಬೇಡ, ಮುಂದಿನ ವರ್ಷ ಬನ್ನಿ" ಎಂದರು.